ಬೆಣ್ಣೆ ಮಾವಶಿಯ ಸ್ಟಿಕ್ಕರು

ಮೊನ್ನೆ ಮೇಲಿನ ಮನೆಯವರು ಬೆಣ್ಣೆ ಕಾಯಿಸಿದರು. ಕೊನೆಗೆ ವೀಳ್ಯದೆಲೆ ಹಾಕಿರಬೇಕು, ಎಲೆ ಕರಿದ ವಾಸನೆ ಮೆಟ್ಟಿಲಿಳಿದು ಬಂತು... ಅದರ ಹಿಂದೆಯೇ ನೆನಪಿನಲ್ಲಿ ಮಾವಶಿ ಬಂದಳು.

ಬೆಳಗಾವಿಯಲ್ಲಿ ನಮ್ಮ ಶಹಾಪುರದ ಓಣಿಗೆ ಖಾನಾಪುರ ಕಡೆಯಿಂದ ಬೆಣ್ಣೆ ತರುತ್ತಿದ್ದವಳು; ಚಿಕ್ಕಮ್ಮನನ್ನು ಕರೆಯುವ ಹಾಗೆ ಓಣಿಯೆಲ್ಲ ಅವಳನ್ನು ಮಾವಶಿ ಎನ್ನುತ್ತಿತ್ತು. ಮಂಗಳವಾರ ಬರುತ್ತಿದ್ದಳೋ ಶುಕ್ರವಾರವೋ, ನೆನಪಿಲ್ಲ. ಅವ್ವ ಎರಡೂ ಅಲ್ಲ ಎನ್ನುತ್ತಾಳೆ. ಹೀಗಾಗಿ ಮುಂದೆ ಹೇಳುವುದರಲ್ಲಿ ನಾನು ಕಂಡದ್ದೆಷ್ಟು, ಅವ್ವ ಹೇಳಿದ್ದೆಷ್ಟು ಎಂಬ ಗುಮಾನಿ ನನಗೇ ಇದೆ.

ಮುಂಜಾನೆಯ ರೈಲಿಗೆ ಬುಟ್ಟಿ ಹೊತ್ತು ಬಂದು, ಮಾರಿ, ಸಂಜೆಯ ರೈಲಿಗೆ ಮರಳುತ್ತಿದ್ದಳು. ಖಾನಾಪುರದ ಸ್ಟೇಶನ್ನಿನಲ್ಲಿ ಗಂಡ ಕಾಯುತ್ತಿದ್ದ, ಅವಳ ಸೊಂಟದ ದುಡ್ಡಿನ ಸಂಚಿಗಾಗಿ. ಅದನ್ನೂ ಅವಳು ನಗುತ್ತಲೇ ಹೇಳುತ್ತಿದ್ದಳು: "ಟಿಕೀಟು ಕೇಳೂ ಟೀಸಿ ಒಮ್ಮೊಮ್ಮಿ ಬಿಟ್ಟಾನ್ರಿ ಅಕ್ಕಾರ, ನಮ್ಮ ಮಾಲಕರು ಬಿಡಂಗಿಲ್ಲ."

ಅವಳಿಗೊಬ್ಬ ಮಗಳಿದ್ದಳು. ಬೆಳಗಾವಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ನರ್ಸಿಂಗ್ ಕಲಿಯುತ್ತಿದ್ದಳು. ಕಲಿತದ್ದು ಸಾಕು, ಲಗ್ನ ಮಾಡೋಣ ಎಂದು ತಂದೆ ಫೀ ಕೊಡುವುದನ್ನು ನಿಲ್ಲಿಸಿದ್ದ. ಆ ಫೀಯನ್ನು ಮಾವಶಿ ಬೆಣ್ಣೆಯಲ್ಲೇ ಹುಟ್ಟಿಸಬೇಕಿತ್ತು, ಅದೂ ಗಂಡನಿಗೆ ತಿಳಿಯದ ಹಾಗೆ.

ಒಂದು ದಿನ ಬುಟ್ಟಿಯ ಮುಚ್ಚಳಕ್ಕೆ ಕ್ಯೂಆರ್ ಸ್ಟಿಕ್ಕರು ಅಂಟಿಸಿಕೊಂಡು ಖುಷಿಯಿಂದ ಬಂದಳು. ನಾನು ಆಗಷ್ಟೇ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಎಲ್ಲವನ್ನೂ ಶಂಕಿಸುತ್ತ ಕೂತಿದ್ದೆ. ಬಡವರನ್ನು ಬ್ಯಾಂಕಿನೊಳಗೆ ಕರೆದುಕೊಳ್ಳುತ್ತೇವೆ ಎನ್ನುವವರು ಬಾಗಿಲು ತೆರೆಯುವುದು ಯಾರ ಲಾಭಕ್ಕೆ? "ಮಾವಶಿ, ನಿಮ್ಮ ವ್ಯವಹಾರ ಪೂರಾ ಯಾರ್ಯಾರೋ ಸಾಹೇಬರಿಗೆ ಗೊತ್ತಾಗತೈತ್ರಿ," ಎಂದೆ.

"ಸಾಹೇಬರಿಗೆ ಗೊತ್ತಾದ್ರ ಆಗಲಿ ತಮ್ಮಾ. ಮನಿಯವರಿಗೆ ಗೊತ್ತಾಗದಿದ್ರ ಸಾಕು."

ಖಾತೆ ಅವಳ ಹೆಸರಿನಲ್ಲಿತ್ತು. ಸಂಚಿಗೆ ಬೀಳದ ದುಡ್ಡು ಅಲ್ಲಿ ಸದ್ದಿಲ್ಲದೆ ಬೀಳುತ್ತದೆ ಎಂದುಕೊಂಡಿದ್ದಳು. ಅರ್ಧ ನೋಟು ಕೊಡಿ, ಅರ್ಧ ಫೋನಿನಲ್ಲಿ ಹಾಕಿ ಎಂದು ಗಿರಾಕಿಗಳಿಗೆ ಹೇಳಿಕೊಟ್ಟಿದ್ದಳು. ಸಂಚಿ ಪೂರ್ತಿ ಬರಿದಾದರೆ ಗಂಡನಿಗೆ ಅನುಮಾನ ಬರುತ್ತದಲ್ಲ. ನಾನು ಮಾತ್ರ ಒಪ್ಪಲಿಲ್ಲ.

ಕೆಲವು ವಾರಗಳ ಮೇಲೆ ಬಂದಾಗ ಮುಚ್ಚಳದ ಮೇಲೆ ಕೆರೆದ ಗುರುತು ಮಾತ್ರ ಇತ್ತು. ಅವ್ವ ಫೋನು ತೆಗೆದರೆ ಬೇಡವೆಂದು ಕೈ ಮಾಡಿದಳು. "ಖಾತಿ ನಂದ ಐತ್ರಿ ಅಕ್ಕಾರ. ಅದಕ್ಕ ಹಚ್ಚಿದ ನಂಬರ ಅವರದು."

ಖಾತೆ ತೆರೆದ ಕಾಲಕ್ಕೆ ಮನೆಯಲ್ಲಿದ್ದ ಫೋನು ಗಂಡನದೊಂದೇ. ಅದರ ನಂಬರನ್ನೇ ಬರೆಸಿದ್ದರು. ಸ್ಟಿಕ್ಕರಿಗೆ ಮಗಳ ನಂಬರು ಕೊಡುವಾಗ ಮಾವಶಿಗೆ ಇದು ನೆನಪಾಗಿರಲಿಲ್ಲ. ಇಲ್ಲಿ ಅವ್ವ ದುಡ್ಡು ಹಾಕಿದರೆ ಅಲ್ಲಿ ಅವನ ಜೇಬಿನಲ್ಲಿ ಬ್ಯಾಂಕಿನ ಮೆಸೇಜಿನ ಸಪ್ಪಳವಾಗುತ್ತಿತ್ತು. ಅವನು ಸಾಕಷ್ಟು ಕೂಡುವವರೆಗೆ ಕಾದು, ಆಮೇಲೆ ಎಟಿಎಂ ಕಾರ್ಡು ಇಸಿದುಕೊಂಡ.

ನಂಬರು ಬದಲಿಸೋಣ, ನಾನೂ ಬ್ಯಾಂಕಿಗೆ ಬರುತ್ತೇನೆ ಎಂದೆ. "ಬದಲಿ ಮಾಡೂ ಮೆಸೇಜನೂ ಅವರ ಫೋನಿಗೇ ಬರತೈತಂತ," ಎಂದಳು. ಮಗಳ ಫೀ ಏನಾಯಿತೆಂದು ಅವ್ವ ಕೇಳಿದಳು. ಮಾವಶಿ ಬುಟ್ಟಿಯೊಳಗಿನ ಎಲೆಗಳನ್ನು ಸರಿಪಡಿಸುತ್ತ ಕೂತಳು...

ಇದೆಲ್ಲ ನನ್ನ ವಾದಕ್ಕೆ ಇಷ್ಟು ಚೆನ್ನಾಗಿ ಒಗ್ಗುವುದೇ ನನ್ನ ಗುಮಾನಿಗೆ ಕಾರಣ. ನಾನೇ ಜೋಡಿಸಿಕೊಂಡೆನೇ? ಆದರೆ ಸ್ಟಿಕ್ಕರು ತಂದ ದಿನದ ಅವಳ ಖುಷಿ ನನ್ನ ವಾದಕ್ಕೆ ಒಗ್ಗುವುದಿಲ್ಲ. ಅದನ್ನು ನಾನು ಕಟ್ಟಿರಲಾರೆ.

ಮುಂದೆ ಅವಳು ಬರುವುದೇ ನಿಂತಿತು. ಈ ವಾರ ಕೆಲಸವಿದ್ದು ಖಾನಾಪುರಕ್ಕೆ ಹೋದವನು, ಸ್ಟೇಶನ್ನಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅವಳ ಊರಿನ ಹೆಂಗಸೊಬ್ಬಳನ್ನು ವಿಚಾರಿಸಿದೆ. ಮಗಳನ್ನು ಎಂದೋ ಗೋವಾ ಕಡೆ ಕೊಟ್ಟರಂತೆ, ಕಲಿಕೆ ಅರ್ಧಕ್ಕೇ ನಿಂತಿತಂತೆ. ಮಾವಶಿ ಆರಾಮಿದ್ದಾಳಂತೆ. "ಹಾಲು ಒಯ್ಯೂ ಡೇರಿ ಗಾಡಿ ಮನಿ ಬಾಗಲಿಗೇ ಬರತೈತ್ರಿ. ರೊಕ್ಕ ಸೀದಾ ಆಕಿ ಖಾತಿಗೆ ಬೀಳತೈತಿ. ಹೊರಗ ಬರೂ ಕೆಲಸನ ಇಲ್ಲ."

ಮಾತಾಡುತ್ತೀರೇನು ಎಂದು ತನ್ನ ಫೋನಿನಲ್ಲಿ ನಂಬರು ಹುಡುಕತೊಡಗಿದಳು. ಯಾರ ನಂಬರೆಂದು ಕೇಳಿದೆ. ಆಕೆಯ ಗಂಡನದೇ, ಮತ್ಯಾರದು ಎಂದಳು. ಬೇಡ ಎಂದೆ.

ಬೆಳಗಾವಿಯ ರೈಲು ಬಂತು. ಆ ಹೆಂಗಸು ಬುಟ್ಟಿಯೆತ್ತಿಕೊಂಡು ಹತ್ತಿದಳು. ಮಾವಶಿ ಇನ್ನು ಈ ರೈಲು ಹತ್ತುವುದಿಲ್ಲ.