ಅಪ್ಪನ ಅಂಗಿಯ ಬಲತೋಳು

ಇವತ್ತು ಮಗನ ಹಳೆಯ ಅಂಗಿಯನ್ನು ಹೊಸ ಬಟ್ಟೆಯ ಮೇಲೆ ಹಾಸಿ ಇದ್ದಿಲು ಕೈಗೆತ್ತಿಕೊಂಡಾಗ ಅವ್ವ ನೆನಪಾದಳು.

ನಮ್ಮೂರು ಹಿರೋಡೆಯಲ್ಲಿ ಅಪ್ಪ ಕಮ್ಮಾರ. ಪಟ್ಟಣದ ಕೋಟೆಯ ಕುಲುಮೆಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅಳತೆಗೆ ಅವನಿಲ್ಲದಿದ್ದರೇನು, ಅವನು ತೊಟ್ಟು ಹಿಗ್ಗಿದ ಹಳೆಯ ಅಂಗಿಯಿತ್ತಲ್ಲ! ಅವ್ವ ಅದರ ಹೊಲಿಗೆ ಬಿಚ್ಚದೆ, ಸುತ್ತಲೂ ಇದ್ದಿಲಿನಿಂದ ಗೆರೆ ಎಳೆದು, ಹೊಲಿಗೆಗೆಂದು ಒಂದು ಬೆರಳಗಲ ಬಿಟ್ಟು ಕತ್ತರಿಸುತ್ತಿದ್ದಳು. ಇದ್ದದ್ದು ಒಂದೇ ತುಂಡು ಬಟ್ಟೆ, ಕೆಟ್ಟರೆ ಬೇರೆಯಿಲ್ಲ.

"ಬಲತೋಳು ಅಗ್ಲ ಆಯ್ತು ಕಣವ್ವ, ಎಲ್ಡೂ ಸಮ ಮಾಡು," ಎಂದಳು ಒಮ್ಮೆ ಪಕ್ಕದ ಮನೆಯ ದೊಡ್ಡವ್ವ, ಗೆರೆ ನೋಡಿ.

"ಸುತ್ಗೆ ಇಡ್ಯೋ ತೋಳು ದೊಡ್ಡವ್ವ, ಅಂಗೇ ಇರ್ಲಿ ಬುಡು," ಎಂದಳು ಅವ್ವ, ಕತ್ತರಿ ನಿಲ್ಲಿಸದೆ.

ಅಪ್ಪ ಬಂದು ತೊಟ್ಟಾಗ ಎಲ್ಲೂ ಬಿಗಿಯಿರಲಿಲ್ಲ.

ನನ್ನ ಮಗ ಸುತ್ತಿಗೆ ಹಿಡಿದು ಹೆಚ್ಚು ಕಾಲವಾಗಿಲ್ಲ. ಗೆರೆ ಎಳೆದು ನೋಡಿದೆ. ಬಲತೋಳು ಆಗಲೇ ಅಗಲ.