ಸಾರಿಸಿದ ಗೋಡೆ

ನನ್ನದು ಮೊದಲಿನಿಂದಲೂ ಸಂಶಯದ ಬುದ್ಧಿ. ಹಾಲಿನವನು ನಗುನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದೇ ನನ್ನ ಲೆಕ್ಕ. ಅಂಥವಳ ಮನೆಯೇ ಕಾಳಿ ಹೊಳೆಯ ಪಾಲಾದ ಮೇಲೆ ಇನ್ನು ಕೇಳಬೇಕೇ!

ದಾಂಡೇಲಿಯ ಹೊಳೆದಂಡೆಯ ಓಣಿಯಲ್ಲಿ ನಮ್ಮದು ಮಣ್ಣಿನ ಗೋಡೆಯ ಮನೆ. ಧಾರವಾಡದ ಕಡೆಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆ ಬಂದ ಮಾವ ಕಟ್ಟಿಸಿದ್ದು. ಎಡಕ್ಕೊಂದು ಬಲಕ್ಕೊಂದು ಮನೆ ಅಂಟಿಕೊಂಡೇ ಇವೆ, ಓಣಿಯಿಂದ ನೋಡಿದರೆ ಮುಂದಿನ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಶ್ರಾವಣದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಹೊಳೆ ಹಿತ್ತಲಿಗೆ ಬಂತು, ಅಡಿಗೆಮನೆಗೆ ಬಂತು. ನಾವು ಉಟ್ಟ ಬಟ್ಟೆಯಲ್ಲಿ ಶಾಲೆಗೆ ಹೋಗಿ ಕುಳಿತೆವು. ಶಾಲೆಯೇ ಗಂಜಿ ಕೇಂದ್ರ.

ನೀರಿಳಿದ ಮೇಲೆ ಹೋಗಿ ನೋಡಿದರೆ ಹಿಂದಿನ ಗೋಡೆ ಇಲ್ಲ, ನಡುವಿನ ಗೋಡೆ ಇಲ್ಲ, ಹಿಂದಿನ ಹಂಚು ಜಂತಿ ಎಲ್ಲ ಒಂದರ ಮೇಲೊಂದು ಬಿದ್ದಿವೆ. ಮುಂದಿನ ಗೋಡೆಯೊಂದೇ ಬಾಗಿಲು, ಹೊಸ್ತಿಲು, ಮೇಲಿನ ಎರಡು ಸಾಲು ಹಂಚು ಜಂತಿಯ ಸಮೇತ ನಿಂತಿತ್ತು. ಅದರಲ್ಲೂ ಕೈ ತೂರಿಸುವಷ್ಟು ಬಿರುಕು.

ಗಂಜಿ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಕಂದಾಯದ ಲೆಕ್ಕ ಬರೆಯುವ ತಲಾಟಿ ಬಂದು ಮನೆಯ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಪೂರ್ತಿ ಬಿದ್ದಿದ್ದರೆ 'ಎ', ಅರ್ಧ ಬಿದ್ದಿದ್ದರೆ 'ಬಿ', ಅಲ್ಲಲ್ಲಿ ಕೆಟ್ಟಿದ್ದರೆ 'ಸಿ'. 'ಎ' ಬಂದರೆ ಹೊಸ ಮನೆ ಕಟ್ಟಿಕೊಳ್ಳಲು ಸರಕಾರ ಕೊಡುತ್ತದೆ, 'ಸಿ' ಬಂದರೆ ಹಂಚಿಗೂ ಸಾಲದು. ನಮಗೋ ಊರಿನಲ್ಲಿ ಹೊಲವಿಲ್ಲ, ಇಲ್ಲಿ ಬೇರೆ ಜಾಗವಿಲ್ಲ. ಆ ಒಂದು ಅಕ್ಷರ ತಪ್ಪಿದರೆ ನಾವು ಬೀದಿಪಾಲು.

ಇಂಥ ಹೊತ್ತಿನಲ್ಲಿ ನಮ್ಮ ಅತ್ತೆ ದಿನಾ ಬೆಳಿಗ್ಗೆ ಎದ್ದು ಎತ್ತಲೋ ಹೋಗತೊಡಗಿದರು. ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಹೋಗುವುದು, ಕೈಕಾಲಿಗೆಲ್ಲ ಕೆಸರು ಮಾಡಿಕೊಂಡು ಬರುವುದು. ಹಿತ್ತಲಲ್ಲಿ ಬಂಗಾರವನ್ನೇನಾದರೂ ಹುಗಿದಿದ್ದಾರೋ ಎಂದು ನನಗೆ ಅನುಮಾನ.

"ದಿನಾ ಎಲ್ಲಿ ಹೊಂಟೀರಿ ಅತ್ತಿ?" ಎಂದೆ.

"ಮನಿ ಕಡೆ ಹೋಗಿ ಬರ್ತೇನಿ. ಮನಿ ಕಾಯಾಕ ಯಾರರ ಬ್ಯಾಡೇನು?"

"ಯಾವ ಮನೀರಿ? ಈಗೇನರ ಕಳ್ಳ ಬಂದ್ರ, ಪಾಪ ಅಂತ ಅವನ ನಮಗ ಏನರ ಕೊಟ್ಟ ಹೋಗ್ತಾನ!"

ಅವರು ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟರು. ಹಿಂದೆಯೇ ಹೋಗಿ ನೋಡಬಹುದಿತ್ತು. ಆದರೆ ಫ್ಯಾನಿನ ಕೆಳಗೆ ಹಾಸಿದ್ದ ನಮ್ಮ ಚಾಪೆ ಬಿಟ್ಟು ಎದ್ದರೆ ಬೇರೆಯವರು ಬಂದು ಒರಗಿಬಿಡುತ್ತಾರಲ್ಲ, ಅದೂ ಒಂದು ಭಯ.

ತಲಾಟಿ ಬಂದ ದಿನ ನಮ್ಮಲ್ಲಿ ಯಾರೂ ಅಲ್ಲಿರಲಿಲ್ಲ. ಯಜಮಾನರು ಶಿಫ್ಟಿನಲ್ಲಿ, ನಾನು ಅಕ್ಕಿ ಹಂಚುವ ಸಾಲಿನಲ್ಲಿ, ಅತ್ತೆ ಜ್ವರ ಬಂದು ಶಾಲೆಯಲ್ಲಿ ಮಲಗಿದ್ದರು. ಮರುದಿನ ಸುದ್ದಿ ಬಂತು, ಎದುರುಮನೆಯಾಕೆಗೆ 'ಎ', ನಮಗೆ 'ಸಿ'.

ನನ್ನ ಮೈಯೆಲ್ಲ ಉರಿದುಹೋಯಿತು. ಎದುರುಮನೆಯಾಕೆ ಜೋಯಿಡಾ ಕಡೆಯವಳು. ತಲಾಟಿಯ ಜೊತೆ ಕೊಂಕಣಿಯಲ್ಲಿ ನಗುತ್ತಾ ಮಾತಾಡುತ್ತಿದ್ದಳು ಎಂದು ಓಣಿಯವರೇ ಕಂಡಿದ್ದರು. ಇನ್ನೇನು ಬೇಕು? ನೇರವಾಗಿ ಹೋಗಿ ಕೇಳಿದೆ.

"ತಲಾಟಿ ಸಾಹೇಬ್ರಿಗೆ ನಮ್ಮ ಮನಿ ಬಗ್ಗೆ ಏನ್ ಹೇಳಿದ್ರಿ?"

"ಅಯ್ಯ ವೈನಿ, ದೇವರಾಣೆ ಏನೂ ಹೇಳ್ಲಿಲ್ಲ. ಚಾ ಕುಡೀತೀರಿ ಏನ್ ಅಂತ ಕೇಳಿದೆ ಅಷ್ಟ."

"ಮನೀನ ಬಿದ್ದೇತಿ. ಚಾ ಎಲ್ಲಿ ಮಾಡಾವ್ರಿದ್ರಿ?"

ಅವಳು ಮುಖ ತಿರುಗಿಸಿಕೊಂಡು ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂದುಕೊಂಡೆ.

ಯಜಮಾನರನ್ನು ಎಳೆದುಕೊಂಡು ತಲಾಟಿಯ ಆಫೀಸಿಗೆ ಹೋದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯ ಮುಖವನ್ನೊಮ್ಮೆ ನೋಡಿಯೇ ಬಿಡೋಣ ಎಂದು. ತಲಾಟಿ ಸಿಟ್ಟು ಮಾಡಲಿಲ್ಲ. ಮೊಬೈಲ್ ತೆಗೆದು ಫೋಟೊ ತೋರಿಸಿದರು.

"ನೋಡ್ರಿ ಅಕ್ಕಾರ, ಇದು ಬಿದ್ದ ಮನೀ ಏನ್ರಿ?"

ಫೋಟೊದಲ್ಲಿ ಒಂದು ಚೆಂದದ ಮನೆ. ನುಣ್ಣಗೆ ಸಾರಿಸಿದ ಗೋಡೆ, ಕೆಳಗೆ ಕೆಮ್ಮಣ್ಣಿನ ಪಟ್ಟಿ, ಹೊಸ್ತಿಲಿಗೆ ಅರಿಸಿನ ಕುಂಕುಮ, ಅದರ ಮುಂದೆ ರಂಗೋಲಿ. ಬಾಗಿಲಿಗೆ ಬೀಗ. ಬೇರೆ ಯಾರದೋ ಮನೆಯ ಫೋಟೊ ತೋರಿಸಿ ಮೋಸ ಮಾಡುತ್ತಿದ್ದಾರೆ ಎಂದೇ ಬಾಯಿ ತೆರೆದೆ. ಆದರೆ ಆ ನೀಲಿ ಬಾಗಿಲು ನಮ್ಮದೇ. ಬಣ್ಣ ಸಾಲದೆ ಕೆಳಗೊಂದು ಮೂಲೆ ಹಾಗೇ ಬಿಟ್ಟಿದ್ದು ನಾನೇ.

"ಹೊಸ್ತಲಾ ಪೂಜಾ ಆಗೇತಿ, ಬೀಗ ಹಾಕೇತಿ. ಮಂದಿ ಒಳಗ ಬಾಳೇವು ಮಾಡಾಕತ್ತಾರ, ಎಲ್ಲೋ ಹೊರಗ ಹೋಗ್ಯಾರ ಅಂತ ತಿಳಕೊಂಡೆ. ನಂದೇನ್ ತಪ್ಪು?" ಎಂದರು ತಲಾಟಿ.

ಶಾಲೆಗೆ ಬಂದು ನೋಡಿದರೆ ಅತ್ತೆಯ ಸೊಂಟದಲ್ಲಿ ಬೀಗದ ಕೈ ತೂಗುತ್ತಿತ್ತು. ಇಷ್ಟು ದಿನ ನನ್ನ ಕಣ್ಣಿಗೆ ಅದೊಂದು ಬಿದ್ದಿರಲಿಲ್ಲ.

"ಯವ್ವಾ, ಹಿಂದ ಗ್ವಾಡೀನ ಇಲ್ಲ, ಮುಂದ ಕೀಲಿ ಹಾಕೀಯಲ್ಲಬೇ!" ಎಂದು ಯಜಮಾನರು ತಲೆಯ ಮೇಲೆ ಕೈಹೊತ್ತು ಕುಳಿತರು.

"ಶ್ರಾವಣ ಸೋಮವಾರ ಹೊಸ್ತಲಾ ಬಿಕೋ ಅಂತಿರಬೇಕೇನು? ಬಿರುಕ್ ಬಿಟ್ಟ ಗ್ವಾಡಿ ಮುಂದ ದೀಪಾ ಹಚ್ಚಬಾರದು. ಹೊಳಿ ಬಿಟ್ಟಹೋದ ರಾಡಿಗೆ ಸಗಣಿ ಕಲಸಿ ತುಂಬಿದೆ. ಬಿದ್ದದ್ದು ಬಿತ್ತು. ನಿಂತದ್ದಕ್ಕ ಪೂಜಾ ಬ್ಯಾಡಾ?" ಎಂದರು ಅತ್ತೆ.

ಕೋಪ ಬಂತು, ಅಳುವೂ ಬಂತು.

ಓಣಿಯವರು ಉಪಾಯ ಹೇಳಿದರು, ಒಂದು ಒದೆ ಒದ್ದುಬಿಡಿ, ಬೀಳುತ್ತದೆ. ಯಜಮಾನರು ಎದ್ದೇಬಿಟ್ಟರು. ನಾನು ಬಿಡಲಿಲ್ಲ. ನಿಂತ ಗೋಡೆಯ ಫೋಟೊ ತಲಾಟಿಯ ಮೊಬೈಲಿನಲ್ಲಿದೆ. ನಾಳೆ ನೀವೇ ಕೆಡವಿದ್ದೀರಿ ಎಂದರೆ ಆ 'ಸಿ'ಯೂ ಹೋದೀತು.

ತಲಾಟಿಯವರು ಮುಂದಿನ ಸೋಮವಾರ ಮತ್ತೆ ಬಂದರು. ಕರೆತಂದವಳು ಎದುರುಮನೆಯಾಕೆ. ತನ್ನ ಆಧಾರ್ ಕೆಲಸಕ್ಕೆ ಆಫೀಸಿಗೆ ಹೋಗಿದ್ದವಳು ಬೆನ್ನುಹತ್ತಿ ಕರೆತಂದಳಂತೆ. ಇವಳಿಗೇನು ಲಾಭ ಇದರಲ್ಲಿ ಎಂದು ನಾನು ಆಗಲೂ ಯೋಚಿಸುತ್ತಲೇ ಇದ್ದೆ.

ಅತ್ತೆ ಬೀಗ ತೆಗೆದರು. ಬಾಗಿಲು ತಳ್ಳಿದರೆ ಮನೆಯಿರಬೇಕಾದಲ್ಲಿ ಹೊಳೆ ಕಾಣಿಸಿತು. ತಲಾಟಿ ಹೊಸ್ತಿಲಲ್ಲೇ ನಿಂತರು.

"ಒಳಗ ಬರ್ರಿ ಸಾಹೇಬ್ರ, ನೋಡ್ರಿ," ಎಂದೆ ನಾನು.

"ಬ್ಯಾಡ್ರಿ, ಜಂತಿ ಗಿಂತಿ ಮ್ಯಾಲ ಬಿದ್ದೀತು."

"ಬಿದ್ದೀತು ಅನ್ನೂ ಅಂಜಿಕಿ ನಿಮಗ ಐತಲ್ಲ, ಹಂಗಾರ ಅದನ್ನ ಬರ್ಕೋರಿ!"

ಅವರು ನಕ್ಕು ಹಿಂದಿನದರ ಫೋಟೊ ಹೊಡೆದರು. ಆಮೇಲೆ ಮುಂದಿನ ಗೋಡೆಯನ್ನು ಕೈಯಿಂದ ತಟ್ಟಿದರು. "ಇದು ಗಟ್ಟಿ ಐತಲ್ರಿ. ಮುಂದಿಂದು ಗಟ್ಟಿ ಇದ್ರ 'ಎ' ಆಗೂದಿಲ್ಲ. 'ಬಿ' ಮಾಡ್ತೇನಿ."

ಮೇಲೆ ಥಳಕು, ಒಳಗೆ ಹುಳಕು ಎಂದು ಅವರಿಗೆ ಹೇಗೆ ಹೇಳುವುದು? ನಾನು ಬಾಯಿ ಮಾಡುವ ಮೊದಲೇ ಅತ್ತೆ ಮುಂದೆ ಬಂದರು. ಬೆಳಿಗ್ಗೆಯಷ್ಟೇ ಹಾಕಿದ್ದ ರಂಗೋಲಿಯ ಮುಂದೆ ಕುಳಿತು ಹೊಸ್ತಿಲಿಗೆ ಹಣೆ ಹಚ್ಚಿದರು. ಎದ್ದು, ಗೋಡೆಗೆ ತಂಬಿಗೆಯಿಂದ ನೀರು ಎರಚಿ, ತಾವೇ ಸಾರಿಸಿದ್ದನ್ನು ಹತ್ತೂ ಬೆರಳಿನಿಂದ ಕೆರೆಯತೊಡಗಿದರು. ಕೆಮ್ಮಣ್ಣು ಬಂತು, ಸಗಣಿ ಬಂತು, ಹೊಳೆಯ ರಾಡಿ ಉಂಡೆಯುಂಡೆಯಾಗಿ ಬಂತು. ಅದು ರಂಗೋಲಿಯ ಮೇಲೆಲ್ಲ ಬಿತ್ತು. ಕಡೆಗೆ ಅವರ ಕೈ ಮೊಣಕೈವರೆಗೆ ಗೋಡೆಯೊಳಗೆ ಹೋಯಿತು.

"ಹೊಡ್ಕೋರಿ ಫೋಟೊ," ಎಂದರು. ಅವರ ಕಣ್ಣಲ್ಲಿ ನೀರು ಧಾರೆ. ಎದುರುಮನೆಯಾಕೆ ಬಂದು ಅವರ ಕೈ ತೊಳೆದಳು.

'ಎ' ಬಂತು. ಮನೆ ಕಟ್ಟಿದೆವು, ಸಿಮೆಂಟಿನದು. ಎದುರುಮನೆಯಾಕೆ ಈಗ ದಿನಾ ಚಹಾಕ್ಕೆ ಬರುತ್ತಾಳೆ, ಬಂದಾಗೆಲ್ಲ ಸಕ್ಕರೆ ಡಬ್ಬಿಯ ಕಡೆ ನನ್ನದೊಂದು ಕಣ್ಣು ಇದ್ದೇ ಇರುತ್ತದೆ. ಹುಟ್ಟುಗುಣ, ಏನು ಮಾಡುವುದು.

ಹೋದ ಮಳೆಗಾಲದಲ್ಲಿ ಹೊಸ್ತಿಲ ಪಕ್ಕದ ಗೋಡೆಗೆ ಕೂದಲೆಳೆಯಂಥ ಬಿರುಕು ಬಿತ್ತು. ಯಜಮಾನರು ಅದನ್ನು ಸಿಮೆಂಟಿನಿಂದ ಮುಚ್ಚಿಸಲು ಗೌಂಡಿಯನ್ನು ಕರೆತಂದರು. ಅತ್ತೆ ಬಾಗಿಲಿಗೆ ಅಡ್ಡ ನಿಂತುಬಿಟ್ಟರು.

"ಮುಚ್ಚಬ್ಯಾಡ್ರಿ. ಯಾರರ ಬಂದು ನೋಡಿ ಹೋಗೂತನಾ ಇರ್ಲಿ ಅದು."

ಗೌಂಡಿ ನಕ್ಕು ಹೊರಟುಹೋದ. ನನಗೆ ನಗು ಬರಲಿಲ್ಲ. ಸಂಶಯ ನನ್ನೊಬ್ಬಳದೇ ರೋಗ ಎಂದುಕೊಂಡಿದ್ದೆ. ಬಿರುಕು ಬಿಟ್ಟ ಗೋಡೆಯ ಮುಂದೆ ದೀಪ ಹಚ್ಚಬಾರದು ಎಂದವರು ಈಗ ಶ್ರಾವಣ ಸೋಮವಾರ ಆ ಬಿರುಕಿನ ಮುಂದೆಯೇ ಹಚ್ಚುತ್ತಾರೆ. ಗೋಡೆಯನ್ನು ಮಾತ್ರ ಸಾರಿಸುವುದಿಲ್ಲ.