ಕಡಲ ಕಾಳಗದ ವೀರಗಲ್ಲು

ನಾನು ಪಾಠ ಮಾಡುವ ಹೈಸ್ಕೂಲಿನ ಆಫೀಸಿಗೆ ಸೀಮೆಸುಣ್ಣ ತರಲು ಹೋದಾಗಲೆಲ್ಲ ಹೆಡ್ ಮಾಸ್ತರ ತಲೆಯ ಮೇಲಿನ ಗೋಡೆ ನೋಡುತ್ತೇನೆ. ಅಲ್ಲಿ ಅವರ ಪ್ರಶಸ್ತಿ ಫಲಕವಿದೆ: ಅತ್ಯುತ್ತಮ ಇತಿಹಾಸ ಶಿಕ್ಷಕ, ಕಡಲ ಕಾಳಗದ ವೀರಗಲ್ಲಿನ ಶೋಧಕ. ಮೊದಲು ಅದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಈಗ ತಣ್ಣಗಾಗುತ್ತದೆ.

ಆ ಶೋಧ ನನ್ನದು. ಕಾಯ್ಕಿಣಿಯ ಗದ್ದೆಯಂಚಿನಲ್ಲಿ ಅರ್ಧ ಹೂತಿದ್ದ ಕಲ್ಲನ್ನು ಹೊನ್ನಾವರದಿಂದ ಬಸ್ಸಿನಲ್ಲಿ ಓಡಾಡಿ ಓದಿದವಳು ನಾನು. ಸವೆದ ಅಕ್ಷರಗಳಿಗೆ ಸೀಮೆಸುಣ್ಣದ ಪುಡಿ ತುಂಬಿ, ಕಡಲ ಕಾಳಗದಲ್ಲಿ ಮಡಿದ ವೀರನದು ಎಂದು ಅರ್ಥ ಮಾಡಿದ್ದೆ. ಮೀನುಗಾರರ ಮನೆಯಲ್ಲಿ ಹುಟ್ಟಿದವಳಿಗೆ ಎಲ್ಲಿ ನೋಡಿದರೂ ಕಡಲೇ. ಲೇಖನ ಬರೆದು, ಒಮ್ಮೆ ನೋಡಿ ಕೊಡಲಿ ಎಂದು ಹೆಡ್ ಮಾಸ್ತರಿಗೆ ಕೊಟ್ಟೆ. ಅದು ಅವರ ಹೆಸರಿನಲ್ಲಿ ಅಚ್ಚಾಯಿತು, ಪ್ರಶಸ್ತಿಯೂ ಅವರಿಗೇ ಬಂತು.

ಹೋಗಿ ಕೇಳಿದೆ. "ಶಾಲೆಗೇ ಬಂದ ಹಾಂಗೆ ಆತಲ್ಲ ಅಕ್ಕೋರೆ, ನಿಮ್ದು ನಮ್ದು ಅಂತ ಎಂತಕ್ಕೆ?" ಎಂದು ನಕ್ಕರು. ಶಾಲು ಹೊದೆಸಿದ ಫೋಟೋ ಬೇರೆ ತೋರಿಸಿದರು. ಮೇಲಿನವರಿಗೆ ದೂರು ಕೊಡಬಹುದಿತ್ತು. ಆದರೆ ನನಗೆ ಬೇಕಾಗಿದ್ದು ನ್ಯಾಯವಲ್ಲ, ನಾಲ್ಕು ಜನರೆದುರು ಆ ಮುಖ ಕಪ್ಪಿಡುವುದು.

ಮಳೆಗಾಲ ಕಳೆದ ಮೇಲೆ ಒಬ್ಬಳೇ ಕಾಯ್ಕಿಣಿಗೆ ಹೋದೆ. ಕಲ್ಲಿನ ಬುಡದ ಮಣ್ಣು ಜರಿದು, ಹೂತಿದ್ದ ಕೆಳಗಿನ ಕೆತ್ತನೆಯ ಪಟ್ಟಿ ಹೊರಬಿದ್ದಿತ್ತು. ಕೈಯಿಂದ ಕೆಸರು ಒರೆಸಿದೆ. ಹಡಗಿಲ್ಲ, ಅಲೆಯಿಲ್ಲ. ಸಾಲಾಗಿ ದನಗಳು, ಹಿಂದೊಂದು ಕರು, ಮುಂದೆ ಬಿಲ್ಲು ಹಿಡಿದ ವೀರ. ಕಳ್ಳರಿಂದ ಊರ ದನ ಬಿಡಿಸಲು ಹೋಗಿ ಸತ್ತವನು ಅವನು! ಕಲ್ಲಿನ ಬಿರುಕಿಗೂ ಸುಣ್ಣ ತುಂಬಿ ನಾನು ಅದನ್ನು ಅಕ್ಷರ ಮಾಡಿಕೊಂಡಿದ್ದೆ. ಈ ಕಲ್ಲನ್ನು ಕಣ್ಣಾರೆ ನೋಡದ ಹೆಡ್ ಮಾಸ್ತರು ಆ ತಪ್ಪನ್ನೂ ಬಿಡದೆ ಕದ್ದಿದ್ದರು. ಗದ್ದೆಯಲ್ಲಿ ನಿಂತು ಒಬ್ಬಳೇ ನಕ್ಕೆ. ಅದೇ ಮಣ್ಣು ಬಾಚಿ ದನಗಳನ್ನು ಮತ್ತೆ ಮುಚ್ಚಿ ಬಂದೆ.

"ಸರ್, ನಿಮ್ಮ ಸನ್ಮಾನ ಆ ಕಲ್ಲಿನ ಎದುರೇ ಆಗ್ಲಿ. ಮಕ್ಕಳಿಗೂ ಪಾಠ ಆಗ್ತದೆ," ಎಂದೆ. ಉಬ್ಬಿಹೋದರು. ಶಾಮಿಯಾನ ಬಂತು, ಮೈಕ್ ಬಂತು, ಕುಮಟಾ, ಭಟ್ಕಳದ ಮಾಸ್ತರುಗಳೆಲ್ಲ ಬಂದರು. ಕಡಲ ಕಾಳಗವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿ ಹೆಡ್ ಮಾಸ್ತರು ಕಲ್ಲಿಗೆ ಹಾರ ಹಾಕಲು ಬಂದಾಗ, ಚೊಕ್ಕ ಮಾಡುವ ನೆಪದಲ್ಲಿ ನಾನೇ ಮಣ್ಣು ಸರಿಸಿ ನೀರು ಹೊಯ್ದೆ. ಆಮೇಲೆ ಮೈಕ್ ಕೈಗೆತ್ತಿಕೊಂಡೆ.

"ಸರ್, ಕಡಲ ಕಾಳಗಕ್ಕೆ ದನ ಎಂತಕ್ಕೆ ಬಂದ್ವು?"

ಅವರು ಬಗ್ಗಿ ನೋಡಿದರು. "ಹಡಗಿನಲ್ಲಿ ಸಾಗಿಸ್ತಿದ್ರು ಕಾಣ್ತದೆ," ಅಂದರು. ಮೊದಲು ಮಕ್ಕಳು ನಕ್ಕರು, ಆಮೇಲೆ ಮಾಸ್ತರುಗಳು. ಸನ್ಮಾನದ ಶಾಲಿನಲ್ಲೇ ಬೆವರು ಒರೆಸಿಕೊಂಡು, ನನ್ನತ್ತ ಕೈ ತೋರಿಸಿ ಕೂಗಿದರು:

"ಅದು ನಾ ಬರ್ದದ್ದಲ್ಲ! ಅಕ್ಕೋರು ಬರ್ದದ್ದು, ಪೂರಾ ಅವ್ರದ್ದೇ!"

ನಾನು ಮೈಕನ್ನು ಅವರ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದೆ.

"ಇನ್ನೊಂದ್ಸಲ ಹೇಳಿ ಸರ್. ಹಿಂದಿದ್ದವ್ರಿಗೆ ಕೇಳ್ಲಿಲ್ಲ."